ದೇವಪ್ರೀತಿಯ ಅಳತೆಗೋಲು: ಕಿಟ್ಟೆಲ್ ಕುರಿತು ಒಂದು ಭಿನ್ನಮತ

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕೆ 1851ರಲ್ಲಿ. ಈ ಚರಿತ್ರೆಯಲ್ಲಿ ವಿವಾದವಿಲ್ಲ. ಭಕ್ತಿಪರಂಪರೆ ಹದಮಾಡಿದ ನೆಲವಾದ್ದರಿಂದ ಅಪಾರ ದೇವಪ್ರೀತಿಯೆಂಬ ಕ್ರೈಸ್ತ ವಿಚಾರ ಇಲ್ಲಿ ಸಲೀಸಾಗಿ ಕನ್ನಡಕ್ಕೆ ಒಗ್ಗಿತೆಂಬ ಮಾತೂ ಬಳಕೆಯಲ್ಲಿದೆ. ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಾಗಿಸಿದ, ಇದೇ ಮಿಷನ್ನಿನ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ಲರ ‘ಕಥಾಮಾಲೆ’ (1862) ಇದಕ್ಕೆ ಒದಗುವ ಸಾಕ್ಷ್ಯ. ರೂಪದ ಮಟ್ಟಿಗೆ ಇದನ್ನು ಒಪ್ಪಬಹುದು. ತಿರುಳಿನ ಮಟ್ಟಿಗೆ ನನ್ನ ತಕರಾರಿದೆ.

ತಿರುಳೆಂದರೆ ಆ ಪ್ರೀತಿಯನ್ನು ಯಾವುದರಿಂದ ಅಳೆಯುವುದೆಂಬ ಪ್ರಶ್ನೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಅಗಲ, ಉದ್ದ, ಎತ್ತರ, ಆಳ ಎಂಬ ನಾಲ್ಕು ಅಳತೆಗಳು ಬರುತ್ತವೆ. ಅವು ಯಾವುದರ ಅಳತೆಗಳೆಂದು 18ನೆಯ ವಾಕ್ಯ ಹೇಳುವುದಿಲ್ಲ. ಕ್ರಿಸ್ತನ ಪ್ರೀತಿಯ ಪ್ರಸ್ತಾಪ ಬರುವುದು 19ರಲ್ಲಿ. ವ್ಯಾಖ್ಯಾನಕಾರರ ಜಗಳಕ್ಕೆ ಇದೇ ಮೂಲ. ಸಂತ ಅಗಸ್ಟೀನ್ ಈ ನಾಲ್ಕರಲ್ಲಿ ಶಿಲುಬೆಯನ್ನೇ ಕಂಡ: ಕೈಚಾಚಿದ ಅಡ್ಡತೊಲೆ ಅಗಲ, ನೆಲದಲ್ಲಿ ಹೂತು ಕಾಣದ ಬುಡ ಆಳ. ಆ ಓದಿನಲ್ಲಿ ಪ್ರೀತಿಯ ವಿಸ್ತಾರಕ್ಕೆ ಬಲಿಯೇ ಅಳತೆಗೋಲು.

ಕಿಟ್ಟೆಲ್ಲರೂ ಇದೇ ದಾರಿಯವರೆಂದು ನನ್ನ ಊಹೆ. ‘ಕಥಾಮಾಲೆ’ಯಾಗಿ ಹತ್ತು ವರ್ಷಕ್ಕೆ, 1872ರಲ್ಲಿ, ಅವರು ‘ಯಜ್ಞಸುಧಾನಿಧಿ’ ಪ್ರಕಟಿಸಿದರು. (ಅವರನ್ನು ನಿಘಂಟುಕಾರರೆಂದಷ್ಟೇ ಕೊಂಡಾಡುವ ನಮ್ಮ ರೂಢಿ ಈ ಪುಸ್ತಕವನ್ನು ಮೂಲೆಗೆ ತಳ್ಳಿದೆ.) ಅದರ ವಸ್ತು ಭಕ್ತಿಯಲ್ಲ, ಯಜ್ಞ. ಹಾಡಿನ ಧಾಟಿಯನ್ನು ಜನರಿಂದ ಪಡೆದವರು ದೇವಪ್ರೀತಿಯ ಬೆಲೆಯನ್ನು ವಿವರಿಸುವ ಹೊತ್ತಿಗೆ ವೇದದ ಕಡೆ ತಿರುಗಿದರೆನ್ನಬೇಕು. ಒಂದೇ ಕೃತಿಯ ಮೇಲೆ ಇಷ್ಟು ಭಾರ ಹೇರುವುದು ಅಪಾಯಕರ ನಿಜ. ಅದು ಕಿಟ್ಟೆಲ್ಲರ ಪಾಂಡಿತ್ಯದ ಒಲವೇ ಹೊರತು ಮಿಷನ್ನಿನ ಒಟ್ಟು ಧೋರಣೆಯಲ್ಲ ಎಂದು ವಾದಿಸಲೂಬಹುದು. ಊರೂರು ತಿರುಗಿ ಬೋಧಿಸುತ್ತಿದ್ದವರ ಮಾತು ಬೇರೆಯೇ ಇದ್ದೀತು. ಆದರೂ ಭಕ್ತಿಯೊಂದೇ ಸೇತುವೆಯಾಗಿತ್ತೆಂಬ ಮಾತು ಇನ್ನು ನಿಲ್ಲದು.

ತೊಡಕೂ ಇಲ್ಲಿಂದಲೇ ಶುರು. ವಚನಕಾರರು ಯಜ್ಞದ ಬಲಿಯನ್ನು ಹಳಿದವರು. ಅವರ ಮಾತು ಮನೆಮಾತಾಗಿದ್ದ ಸಾವಳಗಿ, ಜಮಖಂಡಿ, ಬನಹಟ್ಟಿ ಸೀಮೆಯ ಲಿಂಗಾಯತ ನೇಕಾರನಿಗೋ ಒಕ್ಕಲಿಗನಿಗೋ ಬಲಿಯಿಂದ ಅಳೆದ ಪ್ರೀತಿ ಹೇಗೆ ಕೇಳಿಸಿರಬೇಕು? ‘ಯಜ್ಞಸುಧಾನಿಧಿ’ಯಿಂದ ಇದಕ್ಕೆ ಉತ್ತರ ಸಿಗದು. ಈ ಸೀಮೆಗೆ ಹತ್ತಿರದ ಗುಳೇದಗುಡ್ಡ ಕೇಂದ್ರದ ವರದಿಗಳನ್ನು ಬಾಸೆಲ್ ಪತ್ರಾಗಾರದಲ್ಲಿ ಈ ಪ್ರಶ್ನೆಯಿಟ್ಟುಕೊಂಡು ಓದುವ, ಜರ್ಮನ್ ಬಲ್ಲ ಕನ್ನಡ ಸಂಶೋಧಕರು ಬೇಕಾಗಿದ್ದಾರೆ.