ಬೆಂಗಳೂರಿನ ಸೌದೆಯ ತೋಪುಗಳು

ಒಂದು ಪಟ್ಟಣಕ್ಕೆ ನೀರು ಎಲ್ಲಿಂದ ಬರುತ್ತದೆಂಬುದನ್ನು ಎಲ್ಲರೂ ವಿಚಾರಿಸುವರು. ಅದರ ಒಲೆಗಳಿಗೆ ಮರವು ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಬೆಂಗಳೂರಿನ ಅನ್ನದ ತಪ್ಪಲೆಯೂ ಸ್ನಾನದ ಹಂಡೆಯೂ ಬಹುಕಾಲ ಸುತ್ತಣ ಬಯಲುಸೀಮೆಯ ಸೌದೆಯನ್ನೇ ನಂಬಿದ್ದುವು.

ಈ ಬೇಡಿಕೆಗೆ ರೈಲು ಬಂದು ಸೇರಿತು. ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿಗೆ ಉಗಿಬಂಡಿ ಓಡತೊಡಗಿದುದು 1864ರಲ್ಲಿ. ಮೈಸೂರು ಸೀಮೆಯ ಅರಣ್ಯ ಇಲಾಖೆ ಏರ್ಪಟ್ಟುದೂ ಅದೇ ವರ್ಷ. ಆಗ ದಕ್ಷಿಣದ ಬಂಡಿಗಳು ಬಹುಮಟ್ಟಿಗೆ ಸೌದೆಯಿಂದಲೇ ಓಡುತ್ತಿದ್ದುವು. ಕಲ್ಲಿದ್ದಲು ದೂರದಿಂದ ಬರಬೇಕಾಗಿತ್ತು. ಅನಂತರ ಕೋಲಾರದ ಚಿನ್ನದ ಗಣಿಗಳ ಉಗಿಯಂತ್ರಗಳೂ ಮರಕ್ಕೆ ಬಾಯಿತೆರೆದುವು.

ಇದ್ದ ಕಾಡನ್ನು ಕಾಯುವುದೊಂದೇ ಸಾಲದಾಗಿ, ಸೌದೆಯನ್ನು ಬೆಳೆಯುವುದೂ ಸರ್ಕಾರದ ಕೆಲಸವಾಯಿತು. ಅದಕ್ಕೆ ಒದಗಿದುದು ಸರ್ವೆಮರ. ಅದು ಬೇಗ ಬೆಳೆಯುವುದು, ನೆಟ್ಟಗೆ ಏಳುವುದು, ಹಸಿಯಾಗಿದ್ದರೂ ಚೆನ್ನಾಗಿ ಉರಿಯುವುದು. ನಗರದ ಹೊರವಲಯದಲ್ಲಿ ಇಂಥ ನೆಡುತೋಪುಗಳು ಎದ್ದುವು. 1896ರಲ್ಲಿ ಪೀಣ್ಯದ 599 ಎಕರೆಯೂ, ವೈಟ್‌ಫೀಲ್ಡ್ ನಿಲ್ದಾಣದ ಬಳಿಯ ಕಾಡುಗೋಡಿಯ 711 ಎಕರೆಯೂ ಅರಣ್ಯವೆಂದು ಘೋಷಿತವಾದುವು. ಎರಡರ ಹೆಸರಿಗೂ ‘ಪ್ಲಾಂಟೇಷನ್’ ಎಂಬ ಬಾಲವು ಇಂದಿಗೂ ಅಂಟಿಕೊಂಡಿದೆ. ಅವು ತಾನಾಗಿ ಬೆಳೆದ ಕಾಡಲ್ಲ, ಕೈಯಾರೆ ನೆಟ್ಟವು ಎಂಬುದಕ್ಕೆ ಇದೇ ಸಾಕ್ಷಿ.

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರವನ್ನೂ 1905ರಲ್ಲಿ ಬೆಂಗಳೂರಿನ ಬೀದಿಯನ್ನೂ ಮುಟ್ಟಿತು. ಗಣಿಯ ಯಂತ್ರಕ್ಕೆ ಸೌದೆಯ ಹಂಗು ತಪ್ಪುತ್ತ ಬಂದಿತು. ಬಡವನ ಒಲೆಗೆ ತಪ್ಪಲಿಲ್ಲ. ವಿಜ್ಞಾನ ಮಂದಿರದ ಅಮೂಲ್ಯ ರೆಡ್ಡಿಯವರು ಸಂಗಡಿಗರೊಡನೆ 1983ರಲ್ಲಿ ಪ್ರಕಟಿಸಿದ ಅಧ್ಯಯನವು, ನಗರದಲ್ಲಿ ಸೌದೆಯು ಮುಖ್ಯವಾಗಿ ಬಡವರ ಇಂಧನವೆಂಬುದನ್ನು ಎತ್ತಿ ತೋರಿಸಿತು.

ಶಾಸನವಾದರೋ ಮರದ ಸಾಗಣೆಯನ್ನು ಕಾಯುತ್ತಿತ್ತು. 1963ರ ಅರಣ್ಯ ಶಾಸನದಂತೆ ಮರವನ್ನು ಸಾಗಿಸಲು ರಹದಾರಿ ಬೇಕು. 1976ರ ವೃಕ್ಷಸಂರಕ್ಷಣಾ ಶಾಸನದಂತೆ ಸ್ವಂತ ಹೊಲದ ಮರವನ್ನು ಕಡಿಯಲೂ ಅಪ್ಪಣೆ ಬೇಕು. ಆದರೆ ಸರ್ವೆಗೂ ನೀಲಗಿರಿಗೂ ಈ ಎರಡನೆಯ ಶಾಸನವು ವಿನಾಯಿತಿಯಿತ್ತಿತು. ಹೊಂಗೆ ಬೇವುಗಳನ್ನು ಬೆಳೆದವನಿಗೆ ಕಚೇರಿಯ ಅಲೆದಾಟ, ನೀಲಗಿರಿಯನ್ನು ಬೆಳೆದವನಿಗೆ ನಿರಾತಂಕ! ರಾಗಿಯ ಹೊಲಗಳು ನೀಲಗಿರಿಯ ತೋಪುಗಳಾದುದಕ್ಕೆ ಇದೂ ಒಂದು ಕಾರಣವೆನ್ನದೆ ವಿಧಿಯಿಲ್ಲ. ಅಂತರ್ಜಲದ ದೂರು ಬೆಳೆದು, 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿಯನ್ನು ನೆಡಕೂಡದೆಂದು ಆಜ್ಞಾಪಿಸಬೇಕಾಯಿತು.

ಗಾಡಿಯ ಮೇಲಿದ್ದ ಕಣ್ಣು ನೆಲದ ಮೇಲಿರಲಿಲ್ಲ. ಸೌದೆಯ ಅಗತ್ಯವು ಕುಗ್ಗಿದಂತೆ ತೋಪಿನ ಭೂಮಿಯು ಬರಿಯ ಬಯಲೆಂದೇ ಎಣಿಸಲ್ಪಟ್ಟು ಕೈಗಾರಿಕೆಗೂ ಬೇಸಾಯಕ್ಕೂ ಹಂಚಿಹೋಯಿತು. 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಕಾರ್ಖಾನೆಯ ನೆಲವು ಪೀಣ್ಯದ ಅರಣ್ಯಕ್ಕೆ ಸೇರಿದುದೆಂದು 2024ರಲ್ಲಿ ರಾಜ್ಯದ ಅರಣ್ಯ ಇಲಾಖೆಯು ವಾದಿಸಿತು. ಅರಣ್ಯವೆಂದು ಘೋಷಿಸಿದ ಭೂಮಿಯು, ಆ ಘೋಷಣೆಯನ್ನು ಕ್ರಮವಾಗಿ ಹಿಂದೆಗೆಯದ ಹೊರತು, ಮರವೊಂದೂ ಇಲ್ಲದಿದ್ದರೂ ಅರಣ್ಯವೇ ಎಂಬುದು ಆ ವಾದದ ತಿರುಳು. 2025ರ ಜೂನ್ ತಿಂಗಳಲ್ಲಿ ಅದೇ ಆಧಾರದಿಂದ ಕಾಡುಗೋಡಿಯ 120 ಎಕರೆಯನ್ನು ಇಲಾಖೆಯು ವಶಪಡಿಸಿಕೊಂಡಿತು. ಸರ್ಕಾರವೇ ಹಿಂದೆ ತಮ್ಮ ಹಿರಿಯರಿಗೆ ಸಾಗುವಳಿಗೆಂದು ಕೊಟ್ಟ ನೆಲವಿದೆಂದು ಅಲ್ಲಿನ ದಲಿತ ಕುಟುಂಬಗಳು ಆಗ ಪ್ರತಿಭಟಿಸಿದುವು.