ಹೊಂಗೆಯ ಎಲೆಯೊಳಗಿನ ಬೂಷ್ಟು



ಬೈಯಪ್ಪನಹಳ್ಳಿಯ ನಮ್ಮ ಶಾಲೆಯಲ್ಲಿ ಓದಿದವರಿಗೆ ಆವರಣದ ಹೊಂಗೆಮರ ನೆನಪಿರಬಹುದು. ಶಿಲೀಂಧ್ರಗಳ ಪಾಠ ಬಂದಾಗ ನಾನು ಅದರಿಂದ ಎರಡು ಎಲೆಗಳನ್ನು ಕಿತ್ತು ತರುತ್ತಿದ್ದೆ. ಒಂದರ ಮೇಲೆ ಕಂದು ಚುಕ್ಕೆಗಳು, ಇನ್ನೊಂದು ಅಚ್ಚಹಸಿರು. ಎರಡರ ಚಿತ್ರವನ್ನೂ ಕಪ್ಪುಹಲಗೆಯ ಮೇಲೆ ಬರೆದು, ಮೊದಲನೆಯದರ ಕೆಳಗೆ 'ಶಿಲೀಂಧ್ರವಿದೆ' ಎಂದೂ ಎರಡನೆಯದರ ಕೆಳಗೆ 'ಶಿಲೀಂಧ್ರವಿಲ್ಲ' ಎಂದೂ ಬರೆಸುತ್ತಿದ್ದೆ. ಎರಡನೆಯ ಸಾಲು ತಪ್ಪು. ಇಷ್ಟು ವರ್ಷಗಳ ಮೇಲೆ ಅದನ್ನು ತಿದ್ದಲು ಕುಳಿತಿದ್ದೇನೆ.

ಕಾರಣ ನಮ್ಮ ಮನೆಯಲ್ಲಿಯೇ ಒದಗಿತು. ಕಳೆದ ವರ್ಷ ನನ್ನ ಶ್ರೀಮತಿಗೆ ಮೂತ್ರದ ಸೋಂಕಾಗಿ ಜ್ವರ ಏರಿತು. ಪ್ರಯೋಗಾಲಯದ ವರದಿಯಲ್ಲಿ ಔಷಧಗಳ ಉದ್ದನೆಯ ಪಟ್ಟಿ; ಹೆಚ್ಚಿನವುಗಳ ಎದುರು 'ಆರ್' ಎಂಬ ಅಕ್ಷರ. ರೆಸಿಸ್ಟೆಂಟ್, ಅಂದರೆ ಆ ಔಷಧಕ್ಕೆ ರೋಗಾಣು ಜಗ್ಗುವುದಿಲ್ಲ. ಉಳಿದಿದ್ದ ಎರಡರಲ್ಲಿ ಒಂದನ್ನು ಏಳು ದಿನ ನರಕ್ಕೆ ಕೊಟ್ಟು ಆಕೆಯನ್ನು ಉಳಿಸಿದರು. ನಾನು ಹುಟ್ಟುವ ಮೊದಲೇ ನನ್ನ ಅಣ್ಣನೊಬ್ಬ ಕಾಲಿಗೆ ಮುಳ್ಳು ಚುಚ್ಚಿ, ಕೀವಾಗಿ, ಆರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ನನಗೂ ಬಾಲ್ಯದಲ್ಲಿ ಅಂಥದೇ ಗಾಯವಾದಾಗ ಪೆನಿಸಿಲಿನ್ ಚುಚ್ಚಿದರು, ಬದುಕಿದೆ. ಆ ವರದಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ, ನಾವು ಅಣ್ಣನ ಕಾಲಕ್ಕೆ ಹಿಂತಿರುಗುತ್ತಿದ್ದೇವೆಯೇ ಎನಿಸಿತು.

ಪೆನಿಸಿಲಿನ್ನಿನ ಕಥೆಯನ್ನು ನೀವು ಬಲ್ಲಿರಿ. 1928ರಲ್ಲಿ ಲಂಡನ್ನಿನಲ್ಲಿ ಫ್ಲೆಮಿಂಗರ ಗಾಜಿನ ತಟ್ಟೆಗೆ ಬಿದ್ದ ಬೂಷ್ಟು ಅದು. ನಾನು ತರಗತಿಯಲ್ಲಿ ಹೇಳದೆ ಬಿಟ್ಟದ್ದು ನಮ್ಮವರ ಕಥೆಯನ್ನು. ಎಂ. ಜೆ. ತಿರುಮಲಾಚಾರ್ಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದುಕೊಂಡು, ಎಲೆಗಳಿಗೆ ತುಕ್ಕುರೋಗ ತರುವ ಶಿಲೀಂಧ್ರಗಳನ್ನು ಅಧ್ಯಯನ ಮಾಡಿದವರು. ಭಾರತ ಸರ್ಕಾರ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ತೆರೆಯಿತು. ಮುಂದೆ ಅಲ್ಲಿ ಸಂಶೋಧನೆ ನಡೆಸಿದ ತಿರುಮಲಾಚಾರ್ಯರ ಬಳಗ, ಪಿಂಪ್ರಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದಲೇ ಹ್ಯಾಮೈಸಿನ್ ಎಂಬ ಪ್ರತಿಜೈವಿಕವನ್ನು ಪಡೆಯಿತು. ಮಣ್ಣು ತರುವುದು, ತಟ್ಟೆಯಲ್ಲಿ ಬೆಳೆಸುವುದು, ಯಾವುದು ಯಾವುದನ್ನು ಕೊಲ್ಲುತ್ತದೆಂದು ನೋಡುವುದು: ಆ ಕಾಲದ ಕ್ರಮ ಇಷ್ಟೇ. ಫಲವೂ ಬಂತು. ಆದರೆ ಕೆಲವು ದಶಕಗಳೊಳಗೆ ಯಾವ ಮಣ್ಣನ್ನು ತಂದರೂ ಹಳೆಯ ಔಷಧಗಳೇ ಮತ್ತೆ ಮತ್ತೆ ಸಿಗತೊಡಗಿದವು.

ಆಗ ಕೆಲವರು ಎಲೆಯತ್ತ ತಿರುಗಿದರು. ಅಲ್ಲಿಯೇ ನನ್ನ ತಪ್ಪಿನ ಮೂಲ. ಯಾವ ಚುಕ್ಕೆಯೂ ಇಲ್ಲದ ಹಸಿರೆಲೆಯನ್ನು ಮದ್ಯಸಾರದಲ್ಲಿಯೂ ಬಟ್ಟೆ ಬಿಳಿ ಮಾಡುವ ದ್ರಾವಣದಲ್ಲಿಯೂ ಅದ್ದಿ ತೊಳೆದರೆ ಹೊರಮೈಯ ಜೀವಿಗಳೆಲ್ಲ ಸಾಯುತ್ತವೆ. ಅನಂತರ ಅದನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ ಅಗರ್ ಹಾಕಿದ ತಟ್ಟೆಯ ಮೇಲಿಟ್ಟರೆ, ಕೆಲವು ದಿನಗಳಲ್ಲಿ ಕತ್ತರಿಸಿದ ಅಂಚಿನಿಂದ ಬಿಳಿಯ ಎಳೆಗಳು ಹೊರಗೆ ಬರುತ್ತವೆ. ಗಿಡಕ್ಕೆ ರೋಗ ತರದೆ ಅದರ ಅಂಗಾಂಶದೊಳಗೆ ವಾಸಿಸುವ ಶಿಲೀಂಧ್ರಗಳಿವು. ಗಿಡದೊಳಗೆ ಇರುವಂಥವನ್ನು ಎಂಡೋಫೈಟ್ ಎಂದು ಜರ್ಮನಿಯ ಆಂಟನ್ ಡಿ ಬ್ಯಾರಿ ಕರೆದದ್ದು 1866ರಲ್ಲಿ. ನಾನು ಪಾಠ ಮಾಡುವ ಹೊತ್ತಿಗೆ ಅದು ನೂರು ವರ್ಷ ಹಳೆಯ ಮಾತು. ನಮ್ಮ ಪಠ್ಯಪುಸ್ತಕಕ್ಕಾಗಲಿ ನನಗಾಗಲಿ ತಲುಪಿರಲಿಲ್ಲ. 2001ರಲ್ಲಿ ಅಮೆರಿಕದ ಗ್ಯಾರಿ ಸ್ಟ್ರೋಬೆಲರ ತಂಡ, ಹೊಂಡುರಾಸ್ ದೇಶದ ದಾಲ್ಚಿನ್ನಿ ಮರದೊಳಗಿದ್ದ ಶಿಲೀಂಧ್ರವೊಂದು ಬಿಡುವ ಆವಿಯೇ ಇತರ ಶಿಲೀಂಧ್ರಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆಂದು ತೋರಿಸಿತು.

ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ ಅವರ ಬಳಗವೂ ಪಶ್ಚಿಮಘಟ್ಟದ ಮರಗಳಲ್ಲಿ ಇಂಥ ಶಿಲೀಂಧ್ರಗಳನ್ನು ಅರಸಿತು. ಅಪೊಡೈಟಿಸ್ ಎಂಬ ಮರದೊಳಗಿನ ಫ್ಯುಸೇರಿಯಂ, ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದು 2010ರಲ್ಲಿ ವರದಿ ಮಾಡಿತು. ಇದು ಪ್ರತಿಜೈವಿಕವಲ್ಲ, ಕ್ಯಾನ್ಸರ್ ಔಷಧದ ಮೂಲವಸ್ತು. ಆದರೂ ಇಲ್ಲಿ ಹೇಳಲು ಕಾರಣ, ಅದೇ ವರ್ಷ ಅವರು ಗಮನಿಸಿದ ಇನ್ನೊಂದು ಸಂಗತಿ. ಮರದಿಂದ ಬೇರ್ಪಡಿಸಿದ ಶಿಲೀಂಧ್ರಗಳನ್ನು ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದಂತೆ ಔಷಧದ ಪ್ರಮಾಣ ಕುಗ್ಗುತ್ತ ಬಂತು! ತವರಿನಲ್ಲಿ ಹಾಡುತ್ತಿದ್ದ ಮಗಳು ಅತ್ತೆಮನೆಗೆ ಹೋಗಿ ಹಾಡು ಮರೆತಂತೆ. (ಈ ಹೋಲಿಕೆ ನನ್ನ ಶ್ರೀಮತಿಯದು, ವಿಜ್ಞಾನಿಗಳದಲ್ಲ.)

ಕಂಪ್ಯೂಟರು ಬೇಕಾಗುವುದು ಇಂಥಲ್ಲಿಯೇ. ಜೀವಿ ಬಾಯಿ ಬಿಡದಿದ್ದರೂ ಅದರ ಡಿ.ಎನ್.ಎ.ಯಲ್ಲಿ ಔಷಧ ತಯಾರಿಸುವ ವಿಧಾನ ಬರೆದಿರುತ್ತದೆ. 2005ರಲ್ಲಿ ಆಸ್ಪರ್ಜಿಲಸ್ ಜಾತಿಯ ಮೂರು ಶಿಲೀಂಧ್ರಗಳ ಪೂರ್ಣ ಜೀನೋಮು ಪ್ರಕಟವಾದಾಗ, ಅವು ಆವರೆಗೆ ತಯಾರಿಸಿ ತೋರಿಸಿದ್ದ ರಾಸಾಯನಿಕಗಳಿಗಿಂತ ಎಷ್ಟೋ ಹೆಚ್ಚು ರಾಸಾಯನಿಕಗಳಿಗೆ ಬೇಕಾದ ಜೀನುಗಳ ಗುಚ್ಛಗಳು ಕಂಡವು. ಕೋಟಿಗಟ್ಟಲೆ ಅಕ್ಷರಗಳ ನಡುವೆ ಅಂಥ ಗುಚ್ಛಗಳನ್ನು ಮನುಷ್ಯ ಕಣ್ಣಿನಿಂದ ಹುಡುಕಲಾರ. ಯುರೋಪಿನ ಸಂಶೋಧಕರು 2011ರಲ್ಲಿ ಬಿಡುಗಡೆ ಮಾಡಿದ ಆಂಟಿಸ್ಮ್ಯಾಶ್ ಎಂಬ ತಂತ್ರಾಂಶ ಆ ಕೆಲಸ ಮಾಡುತ್ತದೆ. ತಿಳಿದ ಗುಚ್ಛಗಳೊಡನೆ ಹೋಲಿಸಿ, ಪರಿಚಿತ ಯಾವುದು, ಹೊಸತಾಗಿರಬಹುದಾದದ್ದು ಯಾವುದು ಎಂದು ವಿಂಗಡಿಸಲು ನೆರವಾಗುತ್ತದೆ.

ನಮ್ಮ ಊರಿನ ಸಂಬಂಧವೂ ಒಂದಿದೆ. ಹಳೆಯ ಮದ್ರಾಸು ರಸ್ತೆಯಲ್ಲಿರುವ ಸಿ-ಡ್ಯಾಕ್ ನಾಲೆಡ್ಜ್ ಪಾರ್ಕಿನ ಮುಂದೆ ನೀವೆಲ್ಲ ಓಡಾಡಿದ್ದೀರಿ. ಪರಮ್ ಪದ್ಮ ಎಂಬ ಸೂಪರ್ ಕಂಪ್ಯೂಟರನ್ನು 2003ರಲ್ಲಿ ಅಲ್ಲಿ ಸ್ಥಾಪಿಸಿದರು. ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಲೆಕ್ಕ ಅದರ ಗರಿಷ್ಠ ವೇಗ. ಆ ವರ್ಷದ ಜೂನಿನ ಜಾಗತಿಕ ಪಟ್ಟಿಯಲ್ಲಿ 171ನೆಯ ಸ್ಥಾನ. ಎನ್.ಜಿ.ಇ.ಎಫ್. ಬಾಗಿಲು ಮುಚ್ಚಿದ ಮರುವರ್ಷವದು. ಟ್ರಾನ್ಸ್‌ಫಾರ್ಮರ್ ತಯಾರಿಸುತ್ತಿದ್ದ ಊರಿಗೆ ಇಂಥ ಯಂತ್ರ ಬಂದದ್ದನ್ನು ನಾನು ಅಂದು ಅರ್ಥವಾಗದ ಹೆಮ್ಮೆಯಿಂದ ನೋಡಿದ್ದೆ. 2022ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸ್ಥಾಪನೆಯಾದ ಪರಮ್ ಪ್ರವೇಗ ಅದರ ಮೂರು ಸಾವಿರ ಪಟ್ಟಿಗೂ ಮಿಗಿಲು.

ಇದೇ ಸಂಸ್ಥೆಯಲ್ಲಿ ನಾಗಸುಮಾ ಚಂದ್ರ ಮತ್ತು ಸಂಗಡಿಗರು 2008ರಲ್ಲಿ ಹುಡುಕಾಟದ ಇನ್ನೊಂದು ತುದಿಯನ್ನು ಹಿಡಿದರು. ಕ್ಷಯದ ರೋಗಾಣುವಿನ ಸುಮಾರು ನಾಲ್ಕು ಸಾವಿರ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿಯೇ ಜರಡಿ ಹಿಡಿದು, ಔಷಧ ಹೊಡೆಯಬಹುದಾದ 451 ಗುರಿಗಳನ್ನು ಆಯ್ದರು. ಮನುಷ್ಯನ ಪ್ರೋಟೀನನ್ನು ಹೋಲುವಂಥವನ್ನು ಕೈಬಿಟ್ಟರು. ಇಲ್ಲವಾದರೆ ಔಷಧ ರೋಗಿಯನ್ನೂ ಹೊಡೆಯುತ್ತದೆ. ಎಲೆಯ ಶಿಲೀಂಧ್ರ ಕೀಲಿಕೈ ಕೊಟ್ಟರೆ, ಬೀಗ ಎಲ್ಲಿದೆಯೆಂದು ಹೇಳುವ ವಿದ್ಯೆ ಇದು.

ಹಾಗಾದರೆ ಔಷಧವೆಲ್ಲಿ, ಸಾರ್? ಎಂದು ಹಿಂದಿನ ಬೆಂಚಿನವರು ಕೇಳುವುದು ನನಗೆ ಕೇಳಿಸುತ್ತಿದೆ. ಕಂಪ್ಯೂಟರು ಕೊಡುವುದು ಸಂಭವನೀಯರ ಪಟ್ಟಿಯನ್ನು ಮಾತ್ರ. ಸುಮ್ಮನಿರುವ ಜೀನನ್ನು ಎಬ್ಬಿಸಬೇಕು. ಜರ್ಮನಿಯ ಯೇನಾದಲ್ಲಿ 2009ರಲ್ಲಿ ಶಿಲೀಂಧ್ರದ ಪಕ್ಕದಲ್ಲಿ ಮಣ್ಣಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ಆ ನೆರೆಹೊರೆಯ ಜಗಳದಿಂದಲೇ ಎಬ್ಬಿಸಿದ್ದುಂಟು. ಅನಂತರ ಶುದ್ಧಿ, ಇಲಿಯ ಮೇಲಿನ ಪರೀಕ್ಷೆ, ಮನುಷ್ಯರ ಮೇಲಿನ ಪರೀಕ್ಷೆ. 1951ರಲ್ಲಿ ಅಣಬೆಯೊಂದರಲ್ಲಿ ಸಿಕ್ಕ ಪ್ಲೂರೊಮ್ಯುಟಿಲಿನ್ನಿನಿಂದ ನ್ಯುಮೋನಿಯಾಕ್ಕೆ ಔಷಧವಾಗಿ ಲೆಫಾಮ್ಯುಲಿನ್ ಅಮೆರಿಕದಲ್ಲಿ ಅನುಮತಿ ಪಡೆದದ್ದು 2019ರಲ್ಲಿ. ಕೆಲವೇ ದಿನ ನುಂಗಿ ನಿಲ್ಲಿಸುವ ಮಾತ್ರೆಯಿಂದ ಲಾಭ ಕಡಿಮೆಯಾದ್ದರಿಂದ ದೊಡ್ಡ ಕಂಪನಿಗಳು ಈ ಕ್ಷೇತ್ರದಿಂದ ಹಿಂದೆ ಸರಿದಿವೆ. ಸೋಂಕುರೋಗಗಳ ಔಷಧ ಅರಸುತ್ತಿದ್ದ ಆಸ್ಟ್ರಾಝೆನೆಕಾ ತನ್ನ ಬೆಂಗಳೂರಿನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ 2014ರಲ್ಲಿ ಪ್ರಕಟಿಸಿತು. ಅಲ್ಲಿದ್ದ ಕೆಲವರು ಸೇರಿ ಅದೇ ವರ್ಷ ಬಗ್‌ವರ್ಕ್ಸ್ ಎಂಬ ಚಿಕ್ಕ ಸಂಸ್ಥೆ ಕಟ್ಟಿ, ಹೊಸ ಪ್ರತಿಜೈವಿಕಗಳ ಕೆಲಸವನ್ನು ಈ ನಗರದಲ್ಲಿಯೇ ಮುಂದುವರಿಸಿದರು. ಅವರ ದಾರಿ ಎಲೆಯ ಶಿಲೀಂಧ್ರದ್ದಲ್ಲ. ಆದರೂ ಅವರ ಹಟವನ್ನು ನಾನು ಮೆಚ್ಚುತ್ತೇನೆ.

ನನ್ನ ಶ್ರೀಮತಿ ಈಗ ಆರೋಗ್ಯವಾಗಿದ್ದಾರೆ. ಆ ವರದಿಯನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ನಿಮ್ಮಲ್ಲಿ ಯಾರ ಬಳಿಯಾದರೂ ಎಂಟನೆಯ ತರಗತಿಯ ವಿಜ್ಞಾನದ ಟಿಪ್ಪಣಿ ಪುಸ್ತಕ ಉಳಿದಿದ್ದರೆ, ಎರಡನೆಯ ಎಲೆಯ ಕೆಳಗಿನ ಸಾಲನ್ನು ಹೊಡೆದುಹಾಕಿ, 'ಶಿಲೀಂಧ್ರವಿದೆ, ಕಾಣುವುದಿಲ್ಲ' ಎಂದು ಬರೆದುಕೊಳ್ಳಿ.