ಅಡುಗೆಮನೆ ಕಪಾಟಿನ ಬಾಗಿಲು: ಚೌಕಟ್ಟಿನ ಮೇಲೋ, ಒಳಗೋ?

ಕಪಾಟು ಮಾಡಿಸುವಾಗ ನಾವು ಮರ, ಬಣ್ಣ, ಲ್ಯಾಮಿನೇಟ್ ಬಗ್ಗೆ ವಾರಗಟ್ಟಲೆ ಯೋಚಿಸುತ್ತೇವೆ. ಬಾಗಿಲು ಚೌಕಟ್ಟಿನ ಮೇಲೆ ಕೂರಬೇಕೋ, ಒಳಗೆ ಕೂರಬೇಕೋ ಎಂಬುದನ್ನು ಮಾತ್ರ ಬಡಗಿಗೇ ಬಿಟ್ಟುಬಿಡುತ್ತೇವೆ. ಮಳೆಗಾಲದಲ್ಲಿ ಬಾಗಿಲು ಕಚ್ಚಿಕೊಳ್ಳುವುದಕ್ಕೂ ಸಿಂಕ್ ಕೆಳಗಿನ ಬಾಗಿಲಿನ ಅಂಚು ಉಬ್ಬುವುದಕ್ಕೂ ಬಹಳ ಸಲ ಕಾರಣ ಇಲ್ಲೇ ಇರುತ್ತದೆ.

ಮೂರು ಬಗೆಗಳು ಯಾವುವು?

ಪೂರ್ಣ ಓವರ್‌ಲೇ: 18 ಮಿ.ಮೀ. ದಪ್ಪದ ಪಕ್ಕದ ಹಲಗೆಯನ್ನು ಬಾಗಿಲು ಬಹುತೇಕ ಮುಚ್ಚುತ್ತದೆ. ಇದಕ್ಕೆ ಬೇಕಾದ್ದು ಸೊನ್ನೆ ಕ್ರ್ಯಾಂಕ್ ಹಿಂಜ್.

ಅರ್ಧ ಓವರ್‌ಲೇ: ನಡುವಿನ ಒಂದೇ ಹಲಗೆಯನ್ನು ಎರಡು ಬಾಗಿಲುಗಳು ಹಂಚಿಕೊಳ್ಳುತ್ತವೆ. ಒಂದೊಂದೂ ಸುಮಾರು 8 ಮಿ.ಮೀ. ಮುಚ್ಚಿ, ನಡುವೆ 2 ಮಿ.ಮೀ. ಸಂದು ಉಳಿಯುತ್ತದೆ. ಇದಕ್ಕೆ 8 ಕ್ರ್ಯಾಂಕ್ ಹಿಂಜ್.

ಇನ್‌ಸೆಟ್: ಬಾಗಿಲು ಚೌಕಟ್ಟಿನ ಒಳಗೇ ಕೂರುತ್ತದೆ. ಸುತ್ತ 2–3 ಮಿ.ಮೀ. ಸಂದು ಬಿಡಬೇಕು. ಹಿಂಜ್ 15 ಅಥವಾ 16 ಕ್ರ್ಯಾಂಕ್.

ಮಳೆಗಾಲದಲ್ಲಿ ಬಾಗಿಲು ಕಚ್ಚುವುದೇಕೆ?

ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಅಗಲಕ್ಕೆ ಗೊತ್ತಾಗುತ್ತದೆ. ತೇಗವೂ ಇದಕ್ಕೆ ಹೊರತಲ್ಲ. 40 ಸೆಂ.ಮೀ. ಅಗಲದ ತೇಗದ ಹಲಗೆಯ ತೇವಾಂಶ ಬೇಸಿಗೆಗಿಂತ ಶೇ 4ರಷ್ಟು ಏರಿದರೆ, ಹಲಗೆ ಕೊಯ್ದ ರೀತಿಗೆ ತಕ್ಕಂತೆ ಸುಮಾರು 1.5ರಿಂದ 3 ಮಿ.ಮೀ. ಹಿಗ್ಗಬಹುದು. ಇನ್‌ಸೆಟ್ ಬಾಗಿಲಿಗೆ ಬಿಟ್ಟ ಸಂದು ಅಲ್ಲಿಗೆ ಮುಗಿಯಿತು. ಓವರ್‌ಲೇ ಬಾಗಿಲಿಗೆ ಚೌಕಟ್ಟಿನ ತಡೆ ಇಲ್ಲದ್ದರಿಂದ ಅಷ್ಟು ಹಿಗ್ಗಿದರೂ ಅದು ಚೌಕಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ.

ಪ್ಲೈವುಡ್‌ನಲ್ಲಿ ಪದರಗಳನ್ನು ಅಡ್ಡಡ್ಡ ಅಂಟಿಸಿರುವುದರಿಂದ ಅದು ಅಗಲಕ್ಕೆ ತೀರಾ ಕಡಿಮೆ ಹಿಗ್ಗುತ್ತದೆ. ಹಾಗಾಗಿ ಇನ್‌ಸೆಟ್ ಬೇಕೆಂದರೆ ಪ್ಲೈವುಡ್ ಸುರಕ್ಷಿತ.

ಕಲ್ಲಿನ ಕಟ್ಟೆಗೆ ಬಾಗಿಲು ಕೂರಿಸುವುದಾದರೆ?

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದಂಥ ಊರುಗಳ ಹಲವು ಮನೆಗಳಲ್ಲಿ ಅಡುಗೆಕಟ್ಟೆ ಎಂದರೆ ಇಟ್ಟಿಗೆ ಗೋಡೆ, ಅದರ ಮೇಲೆ ಕಡಪ ಅಥವಾ ಗ್ರಾನೈಟ್ ಕಲ್ಲು. ಬಾಗಿಲು ಬರುವುದು ಎಷ್ಟೋ ದಿನದ ಮೇಲೆ. ಅಲ್ಲಿ ಮೂರು ವಿಷಯ ನೋಡಬೇಕು.

ಮೊದಲನೆಯದು, ಕಲ್ಲು ಎಷ್ಟು ಮುಂದೆ ಚಾಚಿದೆ? ಓವರ್‌ಲೇ ಬಾಗಿಲು ಚೌಕಟ್ಟಿನಿಂದ 18 ಮಿ.ಮೀ.ಗಿಂತ ತುಸು ಹೆಚ್ಚು ಹೊರಗೆ ಬರುತ್ತದೆ. ಕಲ್ಲು ಅದಕ್ಕಿಂತ ಮುಂದಿಲ್ಲದಿದ್ದರೆ ಪಾತ್ರೆ ತೊಳೆದ ನೀರು ನೇರ ಬಾಗಿಲಿನ ಮೇಲಂಚಿಗೆ ಇಳಿಯುತ್ತದೆ. ಆಗ ಇನ್‌ಸೆಟ್ ಒಳ್ಳೆಯದು, ಇಲ್ಲವೇ ಚೌಕಟ್ಟನ್ನೇ ಒಳಕ್ಕೆ ಸರಿಸಿ ಕೂರಿಸಬೇಕು.

ಎರಡನೆಯದು, ಮೂಲೆಮಟ್ಟ ಸರಿಯಿದೆಯೇ? ಟೇಪಿನಿಂದ ಚೌಕಟ್ಟಿನ ಎರಡೂ ಮೂಲೆಗೆರೆಗಳನ್ನು ಅಳೆಯಿರಿ. ಅಳತೆಗಳು ಒಂದೇ ಬಂದರೆ ಮೂಲೆ ಸರಿಯಿದೆ. ವ್ಯತ್ಯಾಸ ಇದ್ದರೆ ಇನ್‌ಸೆಟ್‌ನಲ್ಲಿ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿ ಕಣ್ಣಿಗೆ ಹೊಡೆಯುತ್ತದೆ. ಓವರ್‌ಲೇ ಅದನ್ನು ಮುಚ್ಚಿಬಿಡುತ್ತದೆ.

ಮೂರನೆಯದು, ಪಕ್ಕದಲ್ಲಿ ಗೋಡೆ ಇದೆಯೇ? ಪೂರ್ಣ ಓವರ್‌ಲೇ ಬಾಗಿಲು ತೆರೆದಾಗ ಹಿಡಿ ಗೋಡೆಗೆ ತಾಗುತ್ತದೆ. ನಡುವೆ ಒಂದು ಫಿಲ್ಲರ್ ಪಟ್ಟಿ ಹಾಕಿಸಿ.

ಪೂರ್ಣ ಓವರ್‌ಲೇ ಇದ್ದರೆ ಜಿರಳೆ ಬರುವುದಿಲ್ಲವೇ?

ಇದು ತಪ್ಪು ನಂಬಿಕೆ. ದೊಡ್ಡ ಜಾತಿಯ ಜಿರಳೆಯೂ ಮೈ ಚಪ್ಪಟೆ ಮಾಡಿಕೊಂಡು ಸುಮಾರು 3 ಮಿ.ಮೀ. ಸಂದಿನಲ್ಲಿ ನುಸುಳಬಲ್ಲದು ಎಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಮರಿಗಳಿಗೆ ಅಷ್ಟೂ ಬೇಡ. ಯಾವ ಬಗೆಯ ಬಾಗಿಲೂ ಕಪಾಟನ್ನು ಡಬ್ಬಿಯಂತೆ ಬಿಗಿಯಾಗಿ ಮುಚ್ಚುವುದಿಲ್ಲ. ಸಿಂಕ್ ಪೈಪಿನ ತೂತು ಮುಚ್ಚುವುದು, ರಾತ್ರಿ ನೀರು ಮತ್ತು ಎಂಜಲು ಉಳಿಸದಿರುವುದು ಹೆಚ್ಚು ಉಪಯೋಗ.

ಇನ್‌ಸೆಟ್ ಬಾಗಿಲು ಗಟ್ಟಿಯಲ್ಲವೇ?

ಇದೂ ನಿಜವಲ್ಲ. ಗಟ್ಟಿತನ ನಿಲ್ಲುವುದು ಹಲಗೆ, ಹಿಂಜ್‌ಗಳ ಸಂಖ್ಯೆ ಮತ್ತು ತಿರುಪು ಎಷ್ಟು ಹಿಡಿದಿದೆ ಎಂಬುದರ ಮೇಲೆ.

ಹಾಗಾದರೆ ಯಾವುದು ಆರಿಸಿಕೊಳ್ಳಬೇಕು?

ಹೊಸ ಪ್ಲೈವುಡ್ ಕಪಾಟಾದರೆ ತುದಿಗಳಲ್ಲಿ ಪೂರ್ಣ, ನಡುವಿನ ಹಲಗೆಗೆ ಅರ್ಧ ಓವರ್‌ಲೇ. ಅಗಲದ ಮರದ ಹಲಗೆಯ ಬಾಗಿಲಾದರೆ ಓವರ್‌ಲೇ. ಕಲ್ಲು ಮುಂದೆ ಚಾಚಿಲ್ಲದ ಹಳೆಯ ಕಟ್ಟೆಗೆ ಪ್ಲೈವುಡ್ ಇನ್‌ಸೆಟ್. ಸಿಂಕ್ ಕೆಳಗೆ ಯಾವ ಬಗೆಯಾದರೂ ಐ.ಎಸ್. 710 ಗುರುತಿನ ಪ್ಲೈವುಡ್ ಹಾಕಿಸಿ, ನಾಲ್ಕೂ ಅಂಚಿಗೆ ಪಟ್ಟಿ ಅಂಟಿಸಿ. ಬಾಗಿಲು ಕೊಯ್ಯುವ ಮೊದಲೇ ಇದನ್ನು ತೀರ್ಮಾನಿಸಿ. ಬಗೆ ಬದಲಾದರೆ ಬಾಗಿಲಿನ ಅಳತೆಯೂ ಹಿಂಜೂ ಎರಡೂ ಬದಲಾಗುತ್ತವೆ.